ಎಣ್ಣೆ ಸವರಿದ ಹಿಡಿ

ಆ ವರ್ಷ ಮಹಾನವಮಿ ಹತ್ತಿರ ಬಂದಷ್ಟೂ ಹೊನ್ನಕ್ಕನಿಗೆ ಗಂಡನ ಬಲಗೈ ನೋಡಲು ಭಯವಾಗುತ್ತಿತ್ತು. ಬೆಳಿಗ್ಗೆ ರೊಟ್ಟಿ ಮುರಿಯಲು ಕಾಟಪ್ಪ ಕೈ ಮಡಿಚಿದರೆ ಎರಡು ಬೆರಳುಗಳು ಕೊಂಡಿ ಬಿದ್ದಂತೆ ಹಾಗೇ ನಿಂತುಬಿಡುತ್ತಿದ್ದವು. ಎಡಗೈಯಿಂದ ಎಳೆದು ಬಿಡಿಸಬೇಕು. ಬಿಡಿಸುವಾಗ ಟಕ್ಕೆಂದು ಸದ್ದು. ದಾವಣಗೆರೆಯ ಹತ್ತಿ ಮಿಲ್ಲೊಂದರಲ್ಲಿ ಹದಿನಾಲ್ಕು ವರ್ಷ ಹರಿದ ಎಳೆಗಳನ್ನು ಗಂಟು ಹಾಕಿದ ಬೆರಳುಗಳು ಅವು. ಹರಿಹರದಿಂದ ದಿನಾ ರೈಲಿನಲ್ಲಿ ಹೋಗಿಬರುವ ಕಾಟಪ್ಪ ಮಿಲ್ಲಿನಲ್ಲಿ ಇದನ್ನು ಯಾರಿಗೂ ಹೇಳಿರಲಿಲ್ಲ. ಬೆರಳು ಕೆಟ್ಟವನನ್ನು ಯಂತ್ರದ ಮುಂದೆ ಯಾರು ನಿಲ್ಲಿಸಿಕೊಳ್ಳುತ್ತಾರೆ?

ರೊಟ್ಟಿಯನ್ನು ಹೇಗಾದರೂ ಮುರಿಯಬಹುದು. ಅಂಬು ಹೇಗೆ ಹೊಡೆಯುವುದು?

ವಿಜಯದಶಮಿಯ ಸಂಜೆ ಓಣಿಯವರೆಲ್ಲ ಹೊಳೆ ಕಡೆಯ ಬನ್ನಿಮರದ ಹತ್ತಿರ ಸೇರುತ್ತಾರೆ. ಅಲ್ಲಿ ನೆಟ್ಟ ಬಾಳೆಕಂಬಕ್ಕೆ ಮೂರು ಅಂಬು ಹೊಡೆಯುವುದು ಕಾಟಪ್ಪನ ಮನೆತನಕ್ಕೆ ಬಂದ ಕೆಲಸ. ಆಮೇಲೆಯೇ ಬನ್ನಿ ಮುಡಿಯುವುದು. ಹೋದ ವರ್ಷ ಮೊದಲ ಎರಡು ನೆಟ್ಟಗೆ ನಾಟಿದ್ದವು. ಮೂರನೆಯದಕ್ಕೆ ಹೆದೆ ಎಳೆದಾಗ ಬೆರಳು ಸಿಕ್ಕಿಕೊಂಡಿತು. ಬಿಡಬೇಕೆಂದಾಗ ಬಿಡಲಿಲ್ಲ, ತಾನಾಗಿ ಬಿಟ್ಟಾಗ ಅಂಬು ಎಡಕ್ಕೆ ಹಾರಿತು. ಮೂರನೆಯದಕ್ಕೆ ಕಾಯದೆ ಜನ ಆಗಲೇ ಬನ್ನಿಎಲೆಗೆ ಮುಗಿಬಿದ್ದಿದ್ದರು, ಯಾರೂ ನೋಡಲಿಲ್ಲ. ನೋಡಿದ್ದು ಹೊನ್ನಕ್ಕ ಮತ್ತು ಬುಡನ್ ಸಾಬ್, ಇಬ್ಬರೇ.

ಬುಡನ್ ಸಾಬ್ ಹತ್ತಿ ಹಿಂಜುವ ಪಿಂಜಾರ. ಅಂದು ದಾರಿಬದಿಯಲ್ಲಿ ಹತ್ತಿಗಂಟು ಇಳಿಸಿ ನಿಂತಿದ್ದ. ಗಂಟಿಗೆ ಒರಗಿ ಅವನ ಮೊಮ್ಮಗಳು ಮೆಹರ್ ಬಾನು ಕಡಲೆ ತಿನ್ನುತ್ತಿದ್ದಳು. ಅಂಬು ಅವಳ ಕಿವಿಯ ಪಕ್ಕದಲ್ಲೇ ಗಂಟಿನೊಳಗೆ ಹೊಕ್ಕಿತು. ಅವನು ಗದ್ದಲ ಮಾಡಲಿಲ್ಲ. ಕತ್ತಲಾಗುವ ಮುಂಚೆ ಅಂಬನ್ನು ಶಾಲಿನಲ್ಲಿ ಸುತ್ತಿಕೊಂಡು ಕಾಟಪ್ಪನ ಮನೆಗೆ ಬಂದ.

"ನಿಮ್ಮ ವಸ್ತು ನನ್ನ ಗಂಟಿನಾಗೆ ಬಂದಿತ್ತು," ಎಂದು ಕೊಟ್ಟ. ಅಷ್ಟೇ.

ಈ ವರ್ಷ ಕಾಟಪ್ಪ ಓಣಿಯ ಹಿರಿಯ ಏಕಾಂತಪ್ಪನ ಮುಂದೆ ಬಾಯಿ ಬಿಟ್ಟ. "ಈ ಸಲ ಬ್ಯಾರೆ ಯಾರಾದ್ರೂ ಹೊಡೀಲಿ ಅಜ್ಜಾ."

"ಯಾಕಲೇ? ಹೆಂಡ್ತಿ ಕಾಲು ಒತ್ತಿ ಒತ್ತಿ ಕೈ ಸೋತಾವೇನು?" ಎಂದು ಮುದುಕ ನಕ್ಕ. ಕಟ್ಟೆಯ ಮೇಲಿದ್ದವರೂ ನಕ್ಕರು. ಅವರಲ್ಲಿ ಮೂವರು ಮಿಲ್ಲಿನವರು. ಕಾಟಪ್ಪನೂ ನಕ್ಕು, ಕೈಯನ್ನು ಅಂಗಿಯ ಜೇಬಿಗೆ ತುರುಕಿಕೊಂಡು ಬಂದ.

ಅದರ ಮರುದಿನ ಭಾನುವಾರ. ಬುಡನ್ ಸಾಬ್ ಕಾಟಪ್ಪನ ಅಂಗಳದಲ್ಲಿ ಹಳೇ ಗಾದಿಯ ಹತ್ತಿ ಹಿಂಜಲು ಕೂತ. ಹೊನ್ನಕ್ಕ ಇಬ್ಬರಿಗೂ ಚಾ ಕೊಟ್ಟಳು. ಲೋಟ ಕೆಳಗಿಡಲು ಹೋದ ಕಾಟಪ್ಪನ ಬೆರಳು ಬಿಚ್ಚಲಿಲ್ಲ. ಬುಡನ್ ಸಾಬ್ ಕಂಡೂ ಕಾಣದವನಂತೆ ಹತ್ತಿ ಹಿಂಜುವ ತನ್ನ ದೊಡ್ಡ ಬಿಲ್ಲಿನ ಹೆದೆ ಮೀಟುತ್ತಲೇ ಇದ್ದ. ಸ್ವಲ್ಪ ಹೊತ್ತಾದ ಮೇಲೆ, "ಕಾಟಪ್ಪಾ, ನನ್ನ ಕೈ ನೋಡ್ರಿ," ಎಂದ.

ಅವನ ಮುಷ್ಟಿಯಲ್ಲಿ ಎರಡೂ ತುದಿ ದಪ್ಪಗಿದ್ದ ಮರದ ಹಿಡಿ ಇತ್ತು. ಅದರ ಅಂಚಿಗೆ ಹೆದೆ ಸಿಕ್ಕಿಸಿ ಎಳೆಯುತ್ತಿದ್ದ. ಮಣಿಕಟ್ಟು ಚೂರು ತಿರುಗಿಸಿದರೆ ಹೆದೆ ಅಂಚಿನಿಂದ ಜಾರಿ ಝಂಯ್ ಎನ್ನುತ್ತಿತ್ತು.

"ಮೂವತ್ತು ವರ್ಷ ಹೆದೆ ಎಳೆದೀನಿ. ಒಂದು ದಿನಾನೂ ಬೆರಳು ಬಿಚ್ಚಿಲ್ಲ. ಮುಷ್ಟಿ ಎಷ್ಟು ಬಿಗಿ ಇದ್ರೆ ಅಷ್ಟು ಚಲೋ."

ಹದಿನೈದು ದಿನ ಅವರಿಬ್ಬರೂ ಬೆಳಗಿನ ಜಾವ ಹೊಳೆದಂಡೆಗೆ ಹೋದರು. ಬುಡನ್ ಸಾಬ್ ಕಾಟಪ್ಪನ ಬಿದಿರಿನ ಬಿಲ್ಲನ್ನು ಒಳಗಿನಿಂದ ಹೆರೆದು ಎಳೆತ ಹಗುರ ಮಾಡಿದ. ತನ್ನದೊಂದು ಹಳೇ ಹಿಡಿಯನ್ನು ಅವನಿಗಾಗಿ ಗಿಡ್ಡವಾಗಿ ಕೊಯ್ದ. ಬೆರಳಿನ ಆಸರೆಯಿಲ್ಲದೆ ಅಂಬು ಕಳಚಿ ಬೀಳದಿರಲೆಂದು ಹೆದೆಯ ನಡುವೆ ದಾರ ಸುತ್ತಿ, ಅಂಬಿನ ಬುಡದ ಸೀಳು ಅದನ್ನು ಕಚ್ಚಿ ಹಿಡಿಯುವಂತೆ ಮಾಡಿದ. ಹೆದೆ ಜಾರುವಾಗ ಅಂಬು ಗೇಣುದ್ದ ಎಡಕ್ಕೆ ಸರಿಯುತ್ತಿತ್ತು. ಕಾಟಪ್ಪ ಗೇಣುದ್ದ ಬಲಕ್ಕೆ ಗುರಿಯಿಡಲು ಕಲಿತ. ಹಿಡಿಗೆ ಹಳದಿ ಬಟ್ಟೆ ಸುತ್ತಿದರು, ಅಂಚನ್ನು ಮಾತ್ರ ಬಿಟ್ಟು. ಕೇಳಿದವರಿಗೆ ಹರಕೆ ಎಂದರಾಯಿತು.

ಆದರೂ ಹೊನ್ನಕ್ಕನ ಎದೆ ಹಗುರಾಗಲಿಲ್ಲ. ಕಣ್ಣು ಮುಚ್ಚಿದರೆ ಮೆಹರ್ ಬಾನುವಿನ ಕಿವಿಯ ಲೋಲಾಕು ಅಲ್ಲಾಡುತ್ತಿತ್ತು.

ದಶಮಿಯ ಸಂಜೆ ಹಲಗೆ ಬಡಿತದ ಸದ್ದಿಗೆ ಹೊಳೆಯ ಹಕ್ಕಿಗಳೆಲ್ಲ ಎದ್ದವು. ಬಾಳೆಕಂಬದ ಎರಡೂ ಕಡೆ ಜನ ಒತ್ತಿ ನಿಂತಿದ್ದರು. ಮುಂದಿನ ಸಾಲಿನಲ್ಲಿ ಮಕ್ಕಳು, ಎಷ್ಟು ಗದರಿದರೂ ಹಿಂದೆ ಸರಿಯದ ಮಕ್ಕಳು. ಅಂಬು ಹೊಡೆಯುವವನ ಹೆಂಡತಿ ತಟ್ಟೆ ಹಿಡಿದು ನಿಲ್ಲುವುದು ಪದ್ಧತಿ. ತಟ್ಟೆಯಲ್ಲಿ ಮೂರು ಅಂಬು, ಕುಂಕುಮ, ವಿಭೂತಿ. ಕಾಟಪ್ಪ ಸೊಂಟದಿಂದ ಹಿಡಿ ತೆಗೆದ. ಇಳಿಬಿಸಿಲಿಗೆ ಅದರ ಅಂಚು ಮಿರಮಿರ ಮಿಂಚಿತು.

ಹೊನ್ನಕ್ಕನಿಗೆ ಥಟ್ಟನೆ ನೆನಪಾಯಿತು.

ನಿನ್ನೆ ಆಯುಧಪೂಜೆ. ಕುಡುಗೋಲು, ಕೊಡಲಿ, ಒನಕೆಗಳನ್ನು ತೊಳೆದು ಎಣ್ಣೆ ಸವರಿ ಕುಂಕುಮ ಇಟ್ಟಿದ್ದಳು. ಮರ ಒಣಗಬಾರದೆಂದು ತವರಿನಲ್ಲಿ ಕಲಿತದ್ದು. ಬುಡನ್ ಸಾಬರು ಕೊಟ್ಟ ಹಿಡಿಗೆ ಕೃತಜ್ಞತೆಯಿಂದ ಎರಡು ಸಲ ಸವರಿದ್ದಳು. ಎಣ್ಣೆ ಕುಡಿದ ಅಂಚಿನಲ್ಲಿ ಹೆದೆ ನಿಲ್ಲುವುದುಂಟೆ? ಅರ್ಧ ಎಳೆಯುವಷ್ಟರಲ್ಲಿ ಜಾರುತ್ತದೆ. ಎಡಕ್ಕೆ. ಮಕ್ಕಳ ಕಡೆಗೆ.

"ಎಣ್ಣಿ," ಎಂದಳು ಪಿಸುದನಿಯಲ್ಲಿ. "ನಾನೇ ಹಚ್ಚೀನಿ. ತಪ್ಪಾಯ್ತು."

ಕಾಟಪ್ಪ ಹಿಡಿಯ ಅಂಚನ್ನು ನೋಡಿದ. ಅವನ ಬೆರಳುಗಳು ಆಗಲೇ ಹಿಡಿಯ ಸುತ್ತ ಬಿಗಿದುಕೊಂಡಿದ್ದವು. "ಹೂಂ, ಹೊಡಿಯೋ!" ಎಂದು ಏಕಾಂತಪ್ಪ ಕೂಗಿದ.

ಹೊನ್ನಕ್ಕ ಸೆರಗಿನಿಂದ ಅಂಚನ್ನು ತಿಕ್ಕಿದಳು. ತಟ್ಟೆಯ ವಿಭೂತಿಯನ್ನು ಒಂದು ಮುಷ್ಟಿ ತೆಗೆದು ಉಜ್ಜಿದಳು. ಮತ್ತೆ ಒರೆಸಿದಳು, ಮತ್ತೆ ಉಜ್ಜಿದಳು. ಬೂದಿ ಎಣ್ಣೆ ಹೀರಿ ಕೆಸರಿನಂತೆ ಕೈಗೆ ಮೆತ್ತಿತು.

"ಗಂಡಗೆ ಹಚ್ತೀಯೋ, ಗ್ವಾಡಿಗೆ ಸುಣ್ಣ ಬಳೀತೀಯೋ?" ಎಂದ ಮುದುಕ. ಜನ ಗೊಳ್ಳೆಂದಿತು.

"ಸಾಕು, ಸರಿ," ಎಂದ ಕಾಟಪ್ಪ. ಸಾಕೋ ಅಲ್ಲವೋ ಅವನಿಗೂ ಗೊತ್ತಿರಲಿಲ್ಲ.

ಹೆದೆ ಅಂಚಿಗೆ ಸಿಕ್ಕಿತು. ಅವನು ಎಳೆದ, ಬಲು ನಿಧಾನ. ಒಮ್ಮೆ ಹೆದೆ ಎಳ್ಳಷ್ಟು ಸರಿದಂತಾಯಿತು. ಮಣಿಕಟ್ಟು ತಿರುಗಿತು. ಝಂಯ್. ಅಂಬು ಬಾಳೆಕಂಬದ ಎಡ ಅಂಚಿನಲ್ಲಿ ನಡುಗುತ್ತ ನಿಂತಿತ್ತು, ಇನ್ನೆರಡು ಬೆರಳು ಆಚೆ ಹೋಗಿದ್ದರೆ ಹೊರಗೆ. ಎರಡನೆಯದು ನಡುವೆ ನಾಟಿತು. ಮೂರನೆಯದಕ್ಕೆ ಅವಳು ಕಣ್ಣು ಮುಚ್ಚಿಕೊಂಡಳು. ಹಸಿ ಬಾಳೆಗೆ ಅಂಬು ಹೊಕ್ಕ ಮೆತ್ತನೆಯ ಸದ್ದು ಕೇಳಿದ ಮೇಲೂ ತೆರೆಯಲು ಧೈರ್ಯ ಸಾಲಲಿಲ್ಲ.

ಏಕಾಂತಪ್ಪ ಬನ್ನಿಎಲೆ ಹಿಡಿದು ಬಂದ. "ಕೈ ಒಡ್ಡಲೇ."

ಕಾಟಪ್ಪನ ಮುಷ್ಟಿ ಹಿಡಿಯ ಮೇಲೆ ಕೊಂಡಿ ಬಿದ್ದಿತ್ತು. ಮಿಲ್ಲಿನವರು ಪಕ್ಕದಲ್ಲೇ ಇದ್ದರು. ಹೊನ್ನಕ್ಕ ಮುಂದೆ ಬಂದು ಸೆರಗು ಒಡ್ಡಿದಳು. "ಇಲ್ಲಿ ಹಾಕ್ರಿ ಅಜ್ಜಾರೆ, ಅವರ ಕೈ ಪೂರಾ ಬೂದಿ ಐತೆ."

ಮುದುಕ ನಗುತ್ತ ಸೆರಗಿಗೆ ಎಲೆ ಹಾಕಿ ಮುಂದೆ ಹೋದ.

ಆಗ ಅವಳಿಗೆ ಬುಡನ್ ಸಾಬ್ ಕಂಡ. ಎಡಗಡೆ, ಮಕ್ಕಳ ಸಾಲಿನ ಮುಂದೆ, ಹೋದ ವರ್ಷ ಗಂಟು ಇಟ್ಟಿದ್ದ ಜಾಗದಲ್ಲೇ ಅವನು ನಿಂತಿದ್ದ. ಹತ್ತಿಗಂಟನ್ನು ಎದೆಗೆ ಅವಚಿಕೊಂಡಿದ್ದ.

ಅವಳು ಹತ್ತಿರ ಹೋಗಿ ಎಲೆ ಕೊಟ್ಟಳು. "ಮೆಹರ್ ಎಲ್ಲಿ ಸಾಬ್ರೆ?"

"ಮನ್ಯಾಗೆ ಬಿಟ್ಟು ಬಂದೀನಿ."

"ಅಂದ್ರೆ ನಿಮಗೂ ಅಂಜಿಕಿ ಇತ್ತು."

"ಇತ್ತು ತಂಗೀ. ಇಲ್ಲದಿದ್ರೆ ಇಷ್ಟು ಮುಂದೆ ಯಾಕ ನಿಂದರ್ತಿದ್ದೆ?" ಎಂದು ಅವನು ಗಂಟನ್ನು ಹೆಗಲಿಗೇರಿಸಿದ. "ಮನಿಗೆ ಹೋಗಿ ಅವರ ಕೈ ಬಿಸಿನೀರಿನಾಗೆ ಇಡ್ರಿ. ಜಗ್ಗಬ್ಯಾಡ್ರಿ, ತಾನೇ ಬಿಚ್ಚತೈತೆ."