ಚಂದ್ರಂಕಿಯ ಕೋಳಿಗೂಡು

ಹಿತ್ತಿಲಲ್ಲಿ ಚೆಲ್ಲಿದ್ದ ಪುಕ್ಕಗಳನ್ನು ಗುಡಿಸುತ್ತಿದ್ದೆ. ಅವ್ವ ಒಲೆ ಊದುತ್ತಿದ್ದಳು. ಅಣ್ಣ ರಾಜಣ್ಣ ಬೈಕಿನ ಸೀಟು ಒರೆಸುತ್ತಿದ್ದ. ಅತ್ತಿಗೆ ನಾಗಲಕ್ಷ್ಮಿ ಉರುಳಿಬಿದ್ದಿದ್ದ ಬಿದಿರಿನ ಮಂಕರಿಯನ್ನು ಕಾಲಿನಿಂದ ಸರಿಸಿ ನೀರಿಗೆ ಹೋದಳು. ಹಿಂದಿನ ಸಂಜೆ ಆ ಮಂಕರಿಯ ಕೆಳಗೆ ಕೋಳಿ ಕವುಚಿ, ಮೇಲೆ ಕಲ್ಲು ಹೇರಿದವಳು ನಾನೇ. ಕಾಡುಬೆಕ್ಕಿಗೆ ಆ ಕಲ್ಲು ಒಂದು ಲೆಕ್ಕವೇ ಆಗಿರಲಿಲ್ಲ. ಕೆಂದು ಹುಂಜ ಹೋಗಿತ್ತು. ಉಳಿದ ಹೇಂಟೆಗಳು ನುಗ್ಗೆಮರ ಹತ್ತಿ ಕೂತಿದ್ದವು, ಕರೆದರೂ ಇಳಿಯಲಿಲ್ಲ.

ಅಣ್ಣ ಚಾಮರಾಜನಗರದ ಅರಿಶಿನ ಮಂಡಿಗೆ ಕೆಲಸಕ್ಕೆ ಹೋಗುತ್ತಾನೆ. ಹೊರಡುವ ಮುಂಚೆ ಅವ್ವನಿಗೆ ಹೇಳಿದ, ನನಗಲ್ಲ. ಗುಂಡ್ಲುಪೇಟೆಯಿಂದ ನಾಟಿಕೋಳಿ ಕೊಳ್ಳುವವನು ಸೋಮವಾರ ನಮ್ಮೂರು ಉಡಿಗಾಲಕ್ಕೆ ಬರುತ್ತಾನಂತೆ, ಕಾಡುಬೆಕ್ಕಿನ ಬಾಯಿಗೆ ಹಾಕುವ ಬದಲು ಎಲ್ಲವನ್ನೂ ಅವನಿಗೇ ಕೊಟ್ಟುಬಿಡುವುದಂತೆ. ಅವ್ವ ಹೂಂ ಅಂದಳು.

ಆ ಕೋಳಿಗಳು ನನ್ನವು. ಚಿಕ್ಕಮ್ಮ ಗುರುಮಲ್ಲಮ್ಮ ಹರವೆಯಿಂದ ಮಡಿಲಲ್ಲಿ ತಂದುಕೊಟ್ಟ ಒಂದು ಮರಿಯಿಂದ ಆದದ್ದು ಅಷ್ಟೂ. ಈ ಮನೆಯಲ್ಲಿ ನಾನು ಕರೆದರೆ ಓಡಿ ಬರುವುದು ಅವು ಮಾತ್ರ. ಬೇಡ ಅನ್ನಬೇಕೆಂದು ಬಾಯಿಗೆ ಬಂತು. ಪುಕ್ಕ ತುಂಬಿದ ಮೊರ ಎತ್ತಿಕೊಂಡು ತಿಪ್ಪೆಗೆ ಹೋದೆ.

ತಿಪ್ಪೆಯ ಪಕ್ಕದಲ್ಲೇ ನಮ್ಮ ಹುಳುವಿನ ಮನೆ ಇದೆ. ಅಪ್ಪ ಇದ್ದಾಗ ಅಲ್ಲಿ ರೇಷ್ಮೆ ಸಾಕುತ್ತಿದ್ದೆವು. ನಾಲ್ಕನೇ ಜ್ವರ ಎದ್ದ, ಅಂದರೆ ನಾಲ್ಕನೇ ಸಲ ಪೊರೆ ಕಳಚಿ ಹಸಿದೆದ್ದ ಹುಳುಗಳಿಗೆ ಎಷ್ಟು ಸೊಪ್ಪು ಕೊಯ್ದರೂ ಸಾಲದೆ, ಒಂದು ವಾರಕ್ಕೆಂದು ಶಾಲೆ ಬಿಟ್ಟವಳು ನಾನು ಮತ್ತೆ ಹೋಗಲಿಲ್ಲ. ಅಪ್ಪ ಹೋದ ಮೇಲೆ ಅಣ್ಣ ಹಿಪ್ಪುನೇರಳೆ ಕೀಳಿಸಿ ಬಾಳೆ ಇಟ್ಟ. ಹುಳು ಗೂಡು ಕಟ್ಟಲು ಬಿಡುತ್ತಿದ್ದ ಚಂದ್ರಂಕಿಗಳು, ಆಳುದ್ದದ ಆ ಬಿದಿರಿನ ತಟ್ಟಿಗಳು, ಗೋಡೆಗೆ ಒರಗಿ ಧೂಳು ತಿನ್ನುತ್ತಿದ್ದವು. ಹುಳುವಿನ ತಟ್ಟೆ ಜೋಡಿಸುವ ಮರದ ಸ್ಟ್ಯಾಂಡೂ ಗಟ್ಟಿಯಾಗಿಯೇ ಇತ್ತು.

ನಿಂತು ನೋಡಿದೆ. ಆಮೇಲೆ ಮಚ್ಚು ತಂದೆ.

ಚಂದ್ರಂಕಿಯ ಮೇಲೆ ಸುರುಳಿಯಾಗಿ ಹೆಣೆದ ಬಿದಿರಿನ ದಬ್ಬೆ ಇರುತ್ತದೆ, ಹುಳು ಗೂಡು ಕಟ್ಟುವುದು ಅದರ ಸಂದಿಯಲ್ಲಿ. ಕೋಳಿಗಳ ಕಾಲು ಸಿಕ್ಕಿಕೊಂಡೀತೆಂದು ಆ ದಬ್ಬೆಗಳನ್ನೆಲ್ಲ ಬಿಡಿಸಿ ಒಂದು ಕಡೆ ಹಾಕಿದೆ. ಸ್ಟ್ಯಾಂಡನ್ನು ಹಿತ್ತಿಲಿಗೆ ಎಳೆದು ತಂದು, ಉಳಿದ ತಟ್ಟಿಗಳನ್ನು ಅದರ ತಳಕ್ಕೂ ಸುತ್ತಲೂ ಕಟ್ಟಿದೆ. ಗೂಡು ನೆಲದಿಂದ ಸೊಂಟದೆತ್ತರಕ್ಕೆ ನಿಂತಿತು. ಯಾರದೋ ಮದುವೆಯ ಹಳೆಯ ಫ್ಲೆಕ್ಸ್ ಸೂರಾಯಿತು. ಸೈಕಲ್ ಟ್ಯೂಬು ಕತ್ತರಿಸಿ ಬಾಗಿಲಿಗೆ ಕೀಲು ಮಾಡಿದೆ. ಅಂಗಡಿಯಿಂದ ತಂದದ್ದು ಕಟ್ಟುತಂತಿ ಒಂದೇ. ಇರುವೆ ಹತ್ತದಂತೆ ಅಪ್ಪ ಸ್ಟ್ಯಾಂಡಿನ ಕಾಲುಗಳನ್ನು ನೀರು ತುಂಬಿದ ಬಟ್ಟಲಲ್ಲಿ ಇಡುತ್ತಿದ್ದ. ನಾನೂ ಹಾಗೇ ಇಟ್ಟೆ. ಹುಳುವಿನ ಮನೆಯಲ್ಲಿ ಎರಚುತ್ತಿದ್ದಂತೆ ಸುತ್ತ ಸುಣ್ಣದ ಪುಡಿ ಎರಚಿದೆ. ಗಾಳಿ ಬಡಿಯದಿರಲಿ, ತಂಪಾಗಿರಲಿ ಎಂದು ಗೋಣಿಚೀಲ ನೆನೆಸಿ ನಾಲ್ಕೂ ಕಡೆ ಇಳಿಬಿಟ್ಟೆ.

ಕತ್ತಲಾಗುವ ಮುಂಚೆ ಕೋಳಿಗಳನ್ನು ಒಳಗೆ ಬಿಟ್ಟು ಬಾಗಿಲು ಕಟ್ಟಿದೆ.

ಬೆಳಿಗ್ಗೆ ತೆರೆದರೆ, ಗಾಳಿಯಾಡದೆ ಕಟ್ಟಿಕೊಂಡ ಹಿಕ್ಕೆಯ ಘಾಟು ಮೂಗಿಗೆ ಹೊಡೆಯಿತು. ಕೋಳಿಗಳು ಬಾಯಿ ತೆರೆದುಕೊಂಡು ತೇಕುತ್ತಿದ್ದವು. ಕಪ್ಪು ಹೇಂಟೆ ಸೀನಿತು. ಬಿಂದಿಗೆ ಹೊತ್ತು ಬಂದ ಅತ್ತಿಗೆ ಬಗ್ಗಿ ನೋಡಿ ನಕ್ಕಳು.

"ಹುಳಿನ ಮನೆ ಮಾಡ್ಬುಟ್ಟಿದ್ದೀಯಲ್ಲ ಕಣಮ್ಮಿ. ನಿನ್ ಕೋಳಿ ಇನ್ಮ್ಯಾಕೆ ಮೊಟ್ಟೆ ಇಕ್ತವೋ, ರೇಷ್ಮೆ ಗೂಡು ಕಟ್ತವೋ?"

ಒಳಗಿನಿಂದ ಅಣ್ಣನೂ ನಕ್ಕಿದ್ದು ಕೇಳಿಸಿತು. ಅವಳು ಹೇಳಿದ್ದು ನಿಜವಾಗಿತ್ತು. ನನ್ನ ಕೈಗೆ ಗೊತ್ತಿದ್ದದ್ದು ಹುಳು ಸಾಕುವುದು. ಕೈ ಅದನ್ನೇ ಮಾಡಿತ್ತು.

ಗೋಣಿಗಳನ್ನು ಕಿತ್ತು ಬೇಲಿಯ ಮೇಲೆ ಹರಡಿದೆ. ಎದುರುಬದುರಿನ ಎರಡು ತಟ್ಟಿಗಳ ಮೇಲರ್ಧವನ್ನು ಕತ್ತರಿಸಿ ತೆಗೆದೆ. ಆದರೆ ಅಲ್ಲಿಂದ ಗಾಳಿ ಬಂದಂತೆ ಬೆಕ್ಕೂ ಬರುತ್ತದೆ. ಬಿಡಿಸಿ ಎಸೆದಿದ್ದ ದಬ್ಬೆಗಳು ಮೂಲೆಯಲ್ಲೇ ಬಿದ್ದಿದ್ದವು. ಎರಡೆರಡು ಸೇರಿಸಿ, ನನ್ನ ಎರಡು ಬೆರಳಷ್ಟೇ ತೂರುವಂತೆ ಸಂದಿ ಬಿಟ್ಟು, ಸರಳುಗಳ ಹಾಗೆ ತಂತಿಯಲ್ಲಿ ಬಿಗಿದೆ. ತಂತಿ ಹೆಬ್ಬೆರಳು ಕುಯ್ದಿತು. ಸೆರಗಿನ ಚೂರು ಸುತ್ತಿಕೊಂಡು ಮುಗಿಸಿದೆ. ಒಳಗೆ ಬಾಳೆಯ ಒಣ ಎಲೆ ಹಾಸಿದೆ. ಕೊನೆಗೆ ಒಂದೊಂದು ಸರಳನ್ನೂ ಹಿಡಿದು, ಬೆಕ್ಕು ಹೇಗೆ ಎಳೆದೀತೋ ಹಾಗೆ ಎಳೆದು ನೋಡಿದೆ. ಸಡಿಲವಿದ್ದ ಒಂದನ್ನು ಮತ್ತೆ ಕಟ್ಟಿದೆ.

ಕಪ್ಪು ಹೇಂಟೆ ತಾನಾಗಿಯೇ ಒಳಗೆ ಹೋಗಿ ಸರಳಿನ ಪಕ್ಕ ಕೂತಿತು.

ಸೋಮವಾರದ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಎದ್ದು ಹಿತ್ತಿಲಿಗೆ ಹೋದೆ. ಸುಣ್ಣದ ಪುಡಿಯ ಮೇಲೆ ದುಂಡು ಹೆಜ್ಜೆಗಳು. ಬೆಕ್ಕು ಬಂದಿತ್ತು. ಗೂಡಿನ ಸುತ್ತ ಸುತ್ತಿ, ಒಂದು ಕಾಲಿನ ಬುಡದಲ್ಲಿ ನಿಂತು, ಬಟ್ಟಲಿನ ನೀರು ಚೆಲ್ಲಿ, ಬೇಲಿಯ ಕಡೆ ತಿರುಗಿ ಹೋಗಿತ್ತು. ದಬ್ಬೆಯ ಮೇಲೆ ಉಗುರಿನ ಗೀರುಗಳಿದ್ದವು. ಕೋಳಿಗಳೆಲ್ಲ ಒಳಗಿದ್ದವು. ಸೀನು ನಿಂತಿತ್ತು.

ಆ ದಿನ ನಾನು ಹಿತ್ತಿಲು ಗುಡಿಸಲಿಲ್ಲ.

ಅತ್ತಿಗೆ ಪೊರಕೆ ಹಿಡಿದು ಬಂದಳು. ಇವತ್ತೇನು ಕೈಗೆ ರಜವಾ ಎಂದು ಕೇಳುತ್ತಿದ್ದವಳ ಕಣ್ಣು ಸುಣ್ಣದ ಮೇಲೆ ಬಿತ್ತು. ಹೆಜ್ಜೆಗಳ ಜಾಡು ಹಿಡಿದು ಗೂಡಿನವರೆಗೆ ಹೋದಳು, ಗೀರುಗಳ ಮೇಲೆ ಬೆರಳಾಡಿಸಿದಳು. ಪೊರಕೆಯನ್ನು ಗೋಡೆಗೆ ಒರಗಿಸಿ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಅವ್ವ ಬಂದು ನೋಡಿದಳು. ಅಣ್ಣ ಹಲ್ಲುಜ್ಜುತ್ತ ಬಂದು, ಸರಳೊಂದನ್ನು ಹಿಡಿದು ಜಗ್ಗಿದ. ಅದು ಅಲುಗಲಿಲ್ಲ. ಇನ್ನೊಂದನ್ನು ಜಗ್ಗಿದ. ಆಮೇಲೆ ಬಾಯಿ ಮುಕ್ಕಳಿಸಲು ಹೋದ.

ತಿಂಡಿಗೆ ಕೂತಾಗ ಅಣ್ಣನ ಫೋನು ಹೊಡೆದುಕೊಂಡಿತು. ಉಡಿಗಾಲದ ಸರ್ಕಲ್ಲಿಗೆ ಬಂದಿದ್ದೇನೆ, ಮನೆ ಯಾವ ಕಡೆ ಎಂದು ಗುಂಡ್ಲುಪೇಟೆಯವನು ಕೇಳುವುದು ನನಗೂ ಕೇಳಿಸಿತು. ಒಂದು ನಿಮಿಷ ಎಂದು ಅಣ್ಣ ಫೋನನ್ನು ತೊಡೆಯ ಮೇಲೆ ಇಟ್ಟುಕೊಂಡ. ಅವ್ವನ ಕೈಯ ಸೌಟು ಅಲ್ಲೇ ನಿಂತಿತು. ಅತ್ತಿಗೆ ತಲೆ ತಗ್ಗಿಸಿ ರೊಟ್ಟಿ ಮುರಿಯುತ್ತಿದ್ದಳು.

ನಾನು ತಟ್ಟೆ ಕೆಳಗಿಟ್ಟೆ. ಈ ಸಲ ಮಾತು ಬಾಯಿಯಲ್ಲೇ ಉಳಿಯಲಿಲ್ಲ.

"ಅಣ್ಣ, ಕೋಳಿ ಕೊಡಕಿಲ್ಲ ಅಂತ ಯೋಳ್ಬುಡು."