ಆರ್ಗಾನ್ ವೆಂಕಟಗಿರಿ

ವೆಂಕಟಗಿರಿಯವರನ್ನು ಅವಸರಪಡಿಸಲು ಹೋಗಿ ಗೆದ್ದವರು ಕಾಮಾಕ್ಷಿಪಾಳ್ಯದಲ್ಲಿ ಯಾರೂ ಇಲ್ಲ. ಕುರುಬರಹಳ್ಳಿಯ ಮನೆಯಿಂದ ಇಲ್ಲಿನ ವೆಲ್ಡಿಂಗ್ ಶೆಡ್ಡಿಗೆ ನಡೆದೇ ಬರುತ್ತಾರೆ. ಹೆಜ್ಜೆ ಎಣಿಸಿದಂಥ ನಡಿಗೆ, ಗ್ರೈಂಡಿಂಗ್ ಕಿಡಿಗೆ ಜರಡಿಯಾದ ಖಾಕಿ ಕೋಟು, ಮಾತಿಗೊಮ್ಮೆ ‘ಆಯ್ತು, ಇರ್ಲಿ’. ಮೂವತ್ತು ವರ್ಷಗಳಿಂದ ಸ್ಟೀಲಿಗೆ ಆರ್ಗಾನ್ ವೆಲ್ಡಿಂಗ್ ಮಾಡುತ್ತಿರುವ ಅವರ ಬೆಸುಗೆ ಬೆಳ್ಳಿಯ ಗೆರೆ ಎಳೆದ ಹಾಗಿರುತ್ತದೆ.

ಆರ್ಗಾನನ್ನು ಅವರು ಕರೆಯುವುದು ‘ನಮ್ಮ ಸೋಮಾರಿ’ ಎಂದು. ಗ್ರೀಕ್ ಭಾಷೆಯಲ್ಲಿ ಆ ಹೆಸರಿನ ಅರ್ಥವೂ ಅದೇ. ಯಾವುದರೊಂದಿಗೂ ಕೂಡಿಕೊಳ್ಳದ, ಬಣ್ಣ ರುಚಿ ವಾಸನೆ ಮೂರೂ ಇಲ್ಲದ ಈ ಅನಿಲ, ಕಾದ ಲೋಹವನ್ನು ಸುತ್ತುವರಿದು ಆಮ್ಲಜನಕ ಹತ್ತಿರ ಸುಳಿಯದಂತೆ ಕಾಯುತ್ತದೆ. ಗಾಳಿಯಲ್ಲಿ ನೂರಕ್ಕೆ ಒಂದು ಪಾಲಿನಷ್ಟು ಇದ್ದರೂ 1894ರವರೆಗೆ ಯಾರೂ ಗುರುತಿಸಲಿಲ್ಲ. ಗಾಳಿಯಿಂದ ತೆಗೆದ ಸಾರಜನಕ, ರಾಸಾಯನಿಕಗಳಿಂದ ತೆಗೆದದ್ದಕ್ಕಿಂತ ಚೂರೇ ಚೂರು ಹೆಚ್ಚು ತೂಗುವುದೇಕೆಂದು ಇಂಗ್ಲೆಂಡಿನ ಇಬ್ಬರು ವಿಜ್ಞಾನಿಗಳು ಹಟ ಹಿಡಿದು ಕುಳಿತಾಗ ಸಿಕ್ಕಿತು. ಅವರ ವಿಷಯ ಹೇಳುವಾಗ ವೆಂಕಟಗಿರಿಯವರ ದನಿಯಲ್ಲಿ ನೆಂಟರ ಅಭಿಮಾನವಿರುತ್ತದೆ.

ಕಳೆದ ಏಪ್ರಿಲ್‌ನ ಒಂದು ಮಧ್ಯಾಹ್ನ ಹಾಲಿನ ಟ್ಯಾಂಕೊಂದರ ಕೆಲಸ ಮುಗಿಯುತ್ತ ಬಂದಿತ್ತು. ಒಳಗೂ ಆರ್ಗಾನ್ ತುಂಬಿ ಹಾಕಿದ ಬೆಸುಗೆ. ಲಾರಿ ಬಂದು ನಿಂತಿತ್ತು. ಅದು ತಪ್ಪಿದರೆ ಆರ್ಡರೇ ಹೋಗುತ್ತದೆಂದು ಶೆಡ್ಡಿನ ಒಡತಿ ಶಶಿಕಲಾ ಚಡಪಡಿಸುತ್ತಿದ್ದರು. ಒಳಗಿಳಿದು ಪಾಲಿಶ್ ಮಾಡಬೇಕಿದ್ದ ಆನಂದ್, ಇಬ್ಬರು ಮಕ್ಕಳ ತಂದೆ, ಟ್ಯಾಂಕಿನ ಬಾಯಿ ಮೂಸಿ ನೋಡಿ ಒಂದು ಕಾಲು ಒಳಗಿಟ್ಟ.

“ವಾಸ್ನೇನೇ ಇಲ್ಲ ಅಣ್ಣ. ಗ್ಯಾಸೆಲ್ಲ ಹೋಗಿದೆ.”

ಅಡುಗೆಮನೆಯ ಸಿಲಿಂಡರ್ ಕಲಿಸಿದ ಪಾಠ ಅದು. ವೆಂಕಟಗಿರಿ ಅವನ ತೋಳು ಹಿಡಿದು ಕೆಳಗಿಳಿಸಿ, ಟ್ಯಾಂಕಿಗೆ ಅಡ್ಡ ನಿಂತರು.

“ಅಡುಗೆ ಗ್ಯಾಸಿಗೆ ಬೇಕಂತ್ಲೇ ವಾಸ್ನೆ ಬೆರ್ಸಿರ್ತಾರೆ ಕಣಪ್ಪ. ಇದು ಗಾಳಿಗಿಂತ ಭಾರ, ತಳದಲ್ಲೇ ಕೂತಿರುತ್ತೆ. ಅಲ್ಲಿ ಉಸಿರಿಗೆ ಗಾಳೀನೇ ಇರಲ್ಲ, ಇಳಿದ್ರೆ ಕೂಗೋಕೂ ಟೈಮ್ ಸಿಗಲ್ಲ.”

ಹತ್ತೇ ನಿಮಿಷದ ಕೆಲಸವೆಂದು ಶಶಿಕಲಾ ಬೇಡಿಕೊಂಡರು. ವೆಂಕಟಗಿರಿ ಆಮ್ಲಜನಕ ಅಳೆಯುವ ಮೀಟರನ್ನು ಹಗ್ಗಕ್ಕೆ ಕಟ್ಟಿ ಒಳಗಿಳಿಸಿದರು. ಮೀಟರು ಅರಚಿಕೊಂಡಿತು. ಟಾರ್ಚ್ ಬೆಳಕು ಬಿಟ್ಟು ನೋಡಿದರೆ ಆಮ್ಲಜನಕ ನೂರಕ್ಕೆ ನಾಲ್ಕು, ಇರಬೇಕಾದ್ದು ಇಪ್ಪತ್ತೊಂದು.

ಆನಂದ್ ಟ್ಯಾಂಕಿನ ಬಾಯಿಂದ ದೂರ ಸರಿದು ನಿಂತ. ಶಶಿಕಲಾ ಹೊರಗೆ ಹೋಗಿ ಲಾರಿಯನ್ನು ತಾವೇ ವಾಪಸು ಕಳಿಸಿದರು.

ಅವಘಡವಾದರೆ ಊರಿಗೆಲ್ಲ ಸುದ್ದಿ. ತಪ್ಪಿಸಿದವರ ಬಗ್ಗೆ ಬರೆಯಲು ಏನೂ ಉಳಿದಿರುವುದಿಲ್ಲ. ಇಂಥವರ ಜೀವಮಾನದ ಸಾಧನೆಯೆಂದರೆ, ಸಂಜೆ ಟಿಫನ್ ಡಬ್ಬಿ ಹಿಡಿದು ಎಂದಿನಂತೆ ಮನೆ ಸೇರಿದ ಕೆಲವರು. ಅದು ಇನ್ನೊಬ್ಬರ ಹಟದ ಫಲವೆಂದು ಅವರಲ್ಲಿ ಹೆಚ್ಚಿನವರಿಗೆ ಗೊತ್ತೂ ಇರುವುದಿಲ್ಲ.