ಅರ್ಧ ಮೀಸೆಯ ಸಾಹೇಬ

ಬಸ್ ನಿಲ್ದಾಣದ ಎದುರಿನ ಕಟಿಂಗ್ ಅಂಗಡಿಯ ಮುದುಕನಿಗೆ ಜನ ಮೌನಿ ತಾತ ಅಂತ ಹೆಸರಿಟ್ಟಿದ್ದರು. ನಲವತ್ತು ವರ್ಷದಲ್ಲಿ ಅವನ ಬಾಯಿಂದ ಉದುರಿದ ಮಾತನ್ನೆಲ್ಲ ಗುಡಿಸಿ ಹಾಕಿದರೂ ಒಂದು ದಿನದ ಕೂದಲಿನಷ್ಟು ಆಗುತ್ತಿರಲಿಲ್ಲ. ಬೇರೆ ಅಂಗಡಿಯಲ್ಲಿ ತಲೆಯ ಜೊತೆ ಕಿವಿಯನ್ನೂ ಒಪ್ಪಿಸಬೇಕು, ಇಲ್ಲಿ ತಲೆ ಕೊಟ್ಟರೆ ಸಾಕು ಎಂದು ಗಿರಾಕಿಗಳು ನಗುತ್ತಿದ್ದರು. ಓದು ಎರಡನೇ ತರಗತಿಗೇ ನಿಂತಿತ್ತು. ಮುಖ ಮರೆಯುತ್ತಿದ್ದ, ಹೆಸರು ಮರೆಯುತ್ತಿದ್ದ. ಆದರೆ ಒಮ್ಮೆ ಬೆರಳಾಡಿಸಿದ ತಲೆಯನ್ನು ಮರೆತವನಲ್ಲ.

ಅವತ್ತು ಬೆಳಿಗ್ಗೆ ಮನೆಯಲ್ಲಿ ಮೊಮ್ಮಗಳು ಚೀಲ ತುಂಬಿಕೊಂಡು ಬಾಗಿಲಲ್ಲಿ ನಿಂತಿದ್ದಳು. ದೂರದ ಊರಿನ ದೊಡ್ಡ ಹೋಟೆಲಿನಲ್ಲಿ ಕೆಲಸವಂತೆ, ಯಾರೋ ಸರ್ ಕೊಡಿಸುತ್ತಾರಂತೆ, ಹನ್ನೊಂದರ ಬಸ್ಸಂತೆ.

"ತಾತ, ನೀನು ಹೂಂ ಅಂದ್ರೂ ಹೋಗ್ತೀನಿ, ಉಹೂಂ ಅಂದ್ರೂ ಹೋಗ್ತೀನಿ. ಏನಾದ್ರೂ ಒಂದು ಅನ್ನು ಮಾರಾಯ! ಗೋಡೆಗೆ ಹೇಳಿ ಹೊರಟ ಹಾಗಾಗುತ್ತೆ."

ತಾತನಿಗೆ ಯಾಕೋ ಈ ಕೆಲಸ ಸರಿ ಕಾಣಲಿಲ್ಲ. ಆದರೂ ಅವಳ ತಲೆ ಸವರಿ ಅಂಗಡಿಗೆ ಬಂದುಬಿಟ್ಟ.

ಹತ್ತು ಗಂಟೆಗೆ ಕೋಟು ತೊಟ್ಟ ಸಾಹೇಬನೊಬ್ಬ ಬಂದು ಕುರ್ಚಿಯಲ್ಲಿ ಕೂತ. "ಕೂದಲು ಸ್ವಲ್ಪ, ಮೀಸೆ ಚೂಪು. ಬೇಗ ಆಗ್ಬೇಕು." ತಾತ ತಲೆಗೆ ನೀರು ಚಿಮುಕಿಸಿ ಬೆರಳಾಡಿಸಿದ. ನೆತ್ತಿಯ ಮೇಲೆ ಎರಡು ಸುಳಿ. ಎಡಗಿವಿಯ ಹಿಂದೆ ಕಡಲೆಕಾಳಿನಷ್ಟು ಗಂಟು.

ಕೈ ಅಲ್ಲೇ ನಿಂತಿತು. ಮುಖ ಬೇರೆ. ಆಗ ಗಡ್ಡವಿತ್ತು, ಕಪ್ಪು ಕನ್ನಡಕವಿತ್ತು. ತಲೆ ಮಾತ್ರ ಅದೇ.

ಹನ್ನೆರಡು ವರ್ಷದ ಹಿಂದೆ ಇದೇ ತಲೆ ಇದೇ ಕುರ್ಚಿಯಲ್ಲಿ ಕೂತು, "ಪಕ್ಕದ ಇಸ್ತ್ರಿ ಅಂಗಡಿ ಹುಡುಗಿ ಚುರುಕಾಗಿದ್ದಾಳೆ. ಅಪ್ಪ ಇಲ್ವಂತೆ, ಹೌದಾ?" ಎಂದು ಕೇಳಿತ್ತು. ಮೌನಿ ತಾತ ಅವತ್ತು ಒಂದೇ ಒಂದು ಮಾತಾಡಿದ್ದ: "ಹೂಂ." ಮೂರನೇ ದಿನಕ್ಕೆ ಹುಡುಗಿ ಕೆಲಸ ಸಿಕ್ಕಿತೆಂದು ಹೋದಳು. ಮಾರಿಬಿಟ್ಟಿದ್ದರು. ವಾಪಸ್ಸು ಬರಲು ನಾಲ್ಕು ವರ್ಷ ಹಿಡಿಯಿತು. ಈಗ ಅದೇ ಅಂಗಡಿಯಲ್ಲಿ ಇಸ್ತ್ರಿ ಹಾಕುತ್ತಾಳೆ, ತನ್ನನ್ನು ಬಿಡಿಸಿ ತಂದ ಸಹಾಯ ಕೇಂದ್ರದವರ ಜೊತೆ ಓಡಾಡುತ್ತಾಳೆ. ತಾತನನ್ನು ಮಾಮ ಅನ್ನುತ್ತಾಳೆ. ಆ "ಹೂಂ" ವಿಷಯ ಅವಳಿಗೆ ಗೊತ್ತಿಲ್ಲ.

ಸಾಹೇಬನ ಫೋನು ಬಡಿದುಕೊಂಡಿತು. "ಐದು ಜನ. ಹನ್ನೊಂದಕ್ಕೆ ಬಸ್ಸು. ಅವರ ಕಾರ್ಡೆಲ್ಲ ನನ್ನ ಜೇಬಲ್ಲೇ ಇವೆ. ಫೋನು ದಾರೀಲಿ ಕಿತ್ಕೊಳ್ತೀನಿ. ಇಲ್ಲ ಇಲ್ಲ, ಇಲ್ಲಿ ಯಾರೂ ಇಲ್ಲ, ಕಟಿಂಗ್ ಅಂಗಡೀಲಿದ್ದೀನಿ."

ಇದ್ದವನನ್ನೇ ಎದುರಿಗೆ ಇಟ್ಟುಕೊಂಡು ಇಲ್ಲ ಅಂದರೆ ಎಂಥವನಿಗೂ ರೋಷ ಬರುತ್ತದೆ. ತಾತ ಗಂಟಲು ಸರಿಮಾಡಿಕೊಂಡ.

"ಸಾಹೇಬರೇ, ಇಂಥಾ ಚೆಂದದ ಕೋಟು ಹೀಗೆ ಮುದುಡಿದೆಯಲ್ಲ! ದೊಡ್ಡ ಮನುಷ್ಯರು ಅಂತ ಯಾರು ನಂಬ್ತಾರೆ? ಬಿಚ್ಚಿ ಕೊಡಿ, ಪಕ್ಕದಲ್ಲೇ ಇಸ್ತ್ರಿ. ಮೀಸೆ ಮುಗಿಯೋದ್ರೊಳಗೆ ಬರುತ್ತೆ."

ಹೊಗಳಿಕೆಗೆ ಸಾಹೇಬನ ಎದೆ ಉಬ್ಬಿತು, ಕೋಟು ಕಳಚಿತು. ತಾತ ಎರಡು ಅಂಗಡಿಯ ನಡುವಿನ ಹಲಗೆಯ ಗೋಡೆಯ ಮೇಲಿಂದ ಅದನ್ನು ಆಚೆಗೆ ದಾಟಿಸಿದ. "ಮಗಳೇ, ಜೇಬು ನೋಡ್ಕೊಂಡು ಹಾಕು. ಆತುರ ಬೇಡ."

ಇಸ್ತ್ರಿಯವಳಿಗೆ ಆಶ್ಚರ್ಯವೋ ಆಶ್ಚರ್ಯ. ಜೇಬು ಖಾಲಿ ಮಾಡದೆ ಅವಳು ಯಾವತ್ತು ಇಸ್ತ್ರಿ ಹಾಕಿದ್ದಾಳೆ? ಅದನ್ನೂ ಮೌನಿ ತಾತನ ಬಾಯಿ ಹೇಳಬೇಕೆ? ಕೈ ಹಾಕಿದಳು. ಐದು ಹುಡುಗಿಯರ ಗುರುತಿನ ಕಾರ್ಡು. ಮೂರನೆಯದು ತಾತನ ಮೊಮ್ಮಗಳದು. ಇಸ್ತ್ರಿ ಪೆಟ್ಟಿಗೆಯನ್ನು ನಿಲ್ಲಿಸಿಟ್ಟು, ಹಿಂದಿನ ಬಾಗಿಲಿನಿಂದ ಹೊರಗೆ ಹೋಗಿ ಕೇಂದ್ರಕ್ಕೆ ಫೋನು ಮಾಡಿದಳು.

ಇತ್ತ ತಾತ ನೊರೆ ಹಚ್ಚಿ, ಮೀಸೆಯ ಬಲಭಾಗವನ್ನು ಒಂದೇ ಎಳೆತಕ್ಕೆ ಪೂರ್ತಿ ಬೋಳಿಸಿಬಿಟ್ಟ.

"ಏಯ್! ಏನಯ್ಯಾ ಇದು?"

"ಅಯ್ಯಯ್ಯೋ, ಕೈ ಜಾರ್ತು ಸಾಹೇಬರೇ. ವಯಸ್ಸಾಯ್ತು ನೋಡಿ."

"ಇನ್ನೊಂದು ಕಡೇನೂ ತೆಗಿ ಮತ್ತೆ!"

"ತೆಗೀತೀನಿ, ತೆಗೀದೆ ಬಿಡ್ತೀನಾ? ಬ್ಲೇಡು ಮೊಂಡಾಯ್ತು, ಹೊಸದು ಇಲ್ಲೇ ಎಲ್ಲೋ ಇತ್ತು..." ತಾತ ಒಂದೊಂದೇ ಡಬ್ಬಿ ತೆರೆದ. ಅಷ್ಟೂ ಹೊತ್ತು ಮಾತೋ ಮಾತು. ಹಲ್ಲುನೋವಿನ ಮಾತು, ಕುರ್ಚಿ ಕೊಂಡ ಕಥೆ, ಎಂದೋ ಸತ್ತ ಸೋದರತ್ತೆಯ ಗಂಡ ಗೊರಕೆ ಹೊಡೆಯುತ್ತಿದ್ದ ರೀತಿ. ಆಗಷ್ಟೇ ಬಂದು ಬೆಂಚಿನ ಮೇಲೆ ಪೇಪರು ಬಿಡಿಸಿದ್ದ ಅಂಚೆಯವನು ಅದನ್ನು ಕೆಳಗಿಟ್ಟ. "ತಾತ, ಹುಷಾರಾಗಿದ್ದೀಯ ತಾನೇ?"

"ನಲವತ್ತು ವರ್ಷದ ಮಾತು ಕೂಡಿಟ್ಟಿದ್ದೆ ಕಣಯ್ಯ," ಅಂದ ತಾತ.

ಸಾಹೇಬ ಎರಡು ಸಲ ಎದ್ದ. ಎರಡು ಸಲವೂ ಕನ್ನಡಿಯಲ್ಲಿ ಅರ್ಧ ಮೀಸೆ ನೋಡಿ ಕೂತ. ಕೋಟಿಲ್ಲ, ಪೂರ್ತಿ ಮೀಸೆಯಿಲ್ಲ, ಹಾಗೆ ಹೋದರೆ ಯಾವ ಹುಡುಗಿ ಸರ್ ಅಂದಾಳು? ಮೂರನೇ ಸಲ ಏಳುವ ಹೊತ್ತಿಗೆ ಬಾಗಿಲಲ್ಲಿ ಇಬ್ಬರು ಪೊಲೀಸರು, ಅವರ ಹಿಂದೆ ಇಸ್ತ್ರಿಯವಳು. ಅವಳು ಕನ್ನಡಿಯೊಳಗಿನ ಮುಖವನ್ನು ಬಹಳ ಹೊತ್ತು ನೋಡಿದಳು. ಅವನು ತಲೆ ತಗ್ಗಿಸಿದ.

"ಇವನೇ," ಅಂದಳು.

ಅರ್ಧ ಗಂಟೆಯಲ್ಲಿ ಪೊಲೀಸರು ನಿಲ್ದಾಣದಿಂದ ಐವರು ಹುಡುಗಿಯರನ್ನೂ ಕರೆತಂದರು. ಮೊಮ್ಮಗಳ ಮುಖ ಕೆಂಡ. "ನನ್ನ ಕೆಲಸ ಹಾಳು ಮಾಡಿದೆ ತಾತ! ಆ ಸರ್ ಒಳ್ಳೆಯವರು."

ಇಸ್ತ್ರಿಯವಳು ಬುದ್ಧಿ ಹೇಳಲು ಹೋಗಲಿಲ್ಲ. ಕಾರ್ಡನ್ನು ಅವಳ ಕೈಗಿಟ್ಟು, "ನಂದೂ ಅವನ ಜೇಬಲ್ಲೇ ಇತ್ತು. ನಾಲ್ಕು ವರ್ಷ," ಅಂದಳು. ಹುಡುಗಿ ಕಾರ್ಡು ನೋಡಿದಳು, ಅವಳ ಮುಖ ನೋಡಿದಳು. ಮೆಲ್ಲಗೆ ಬೆಂಚಿನ ಮೇಲೆ ಕೂತಳು.

ಆಗ ತಾತ ಹೇಳಿದ. ಹನ್ನೆರಡು ವರ್ಷದ ಹಿಂದಿನ ಆ ಒಂದು "ಹೂಂ" ವಿಷಯ ಹೇಳಿದ. ಇಷ್ಟು ಹೊತ್ತು ನೀರಿನಂತೆ ಹರಿದ ನಾಲಿಗೆ, ಇದಕ್ಕೆ ತಡವರಿಸಿತು.

ಇಸ್ತ್ರಿಯವಳು ಸೀದಾ ತನ್ನ ಅಂಗಡಿಗೆ ಹೋದಳು. ಹಲಗೆಯಾಚೆ ಪೆಟ್ಟಿಗೆ ದಬದಬ ಬೀಳುವ ಸದ್ದು. ಬಹಳ ಹೊತ್ತಿನ ಮೇಲೆ ಅದು ನಿಂತಿತು.

"ಮಾಮ."

"ಏನಮ್ಮಾ?"

"ನಾಳೆ ಠಾಣೇಲಿ ಹೇಳಿಕೆ ಕೊಡ್ಬೇಕು. ನೀವೂ ಬನ್ನಿ. ಆ ಹೂಂ ಕೂಡ ಬರೆಸ್ಬೇಕು."

"ಬರೆಸ್ತೀನಿ."

"ನಾನು ಕ್ಷಮಿಸಿದ್ದೀನಿ ಅಂತ ಅಲ್ಲ."

"ಗೊತ್ತಮ್ಮ."

"ನಾನೂ ಬರ್ತೀನಿ," ಅಂದಳು ಮೊಮ್ಮಗಳು ಮೂಗೊರೆಸಿಕೊಂಡು. "ಅಲ್ಲಿ ಹೋಗಿ ಮತ್ತೆ ಗೋಡೆ ಆಗಿ ಕೂತ್ರೆ ಚಿವುಟೋಕೆ ಯಾರಾದ್ರೂ ಬೇಕಲ್ಲ."

ಚಿವುಟುವ ಅಗತ್ಯ ಬೀಳಲಿಲ್ಲ. ಮರುದಿನ ತಾತನ ಹೇಳಿಕೆ ಬರೆದುಕೊಂಡ ಅಧಿಕಾರಿಣಿ ಎರಡು ಸಲ ಹೆಚ್ಚಿಗೆ ಹಾಳೆ ತರಿಸಿದರು.